ಹಳೆಯ 7×57 ಕೋವಿಗೆ ಕೈಯಾರೆ ತೋಟೆ ತುಂಬುವುದು

ನನ್ನ ಕೋವಿ ನನಗಿಂತ ಹಿರಿಯದು. ಮೌಸರ್ 98ರ ಆಕ್ಷನ್ (ತೋಟೆಯನ್ನು ಒಳಗೆ ಕಳಿಸಿ ಬೀಗ ಹಾಕುವ ಭಾಗ), ಉದ್ದನೆಯ ನಳಿಗೆ, ಹಿಡಿ ಸವೆದು ನುಣ್ಣಗಾಗಿದೆ. ಅದು ತಿನ್ನುವುದು 7×57 ತೋಟೆ, ಅಂದರೆ ಸುಮಾರು 7 ಮಿಲಿಮೀಟರ್ ಅಗಲದ ಗುಂಡು, 57 ಮಿಲಿಮೀಟರ್ ಉದ್ದದ ಕೇಸು. ಹದಿನಾಲ್ಕು ವರ್ಷದಿಂದ ಇದಕ್ಕೆ ಬೇಕಾದ ತೋಟೆಯನ್ನು ನಾನೇ ತುಂಬುತ್ತಿದ್ದೇನೆ, ಅಂದರೆ ಸಿಡಿದು ಖಾಲಿಯಾದ ಹಿತ್ತಾಳೆ ಕೇಸಿಗೆ ಹೊಸ ಕೇಪು (ಮದ್ದಿಗೆ ಕಿಡಿ ಹೊತ್ತಿಸುವ ಪುಟ್ಟ ಬಟ್ಟಲು), ಮದ್ದು, ಗುಂಡು ಹಾಕುವುದು. ಈ ಹದಿನಾಲ್ಕು ವರ್ಷದಲ್ಲಿ ಕಲಿತದ್ದನ್ನು ಹೊಸಬರಿಗೆ ಹೇಳಬೇಕು ಅನ್ನಿಸಿತು. ಅದರಲ್ಲೂ ಒಂದು ವಿಷಯವನ್ನು ಒತ್ತಿ ಹೇಳಬೇಕು: ನೀವು ತೋಟೆ ತುಂಬುತ್ತಿರುವುದು ನಿಮ್ಮ ಒಂದು ಕೋವಿಗೆ. ಪುಸ್ತಕದ ಚಿತ್ರದಲ್ಲಿರುವ ಕೋವಿಗಲ್ಲ.

ಮೊದಲು ತೋಟೆಯ ಪರಿಚಯ. ಪಾಲ್ ಮೌಸರ್ ಇದನ್ನು ರೂಪಿಸಿದ್ದು 1892ರಲ್ಲಿ. ಮರುವರ್ಷವೇ ಸ್ಪೇನ್ ಸೈನ್ಯ ಇದನ್ನು ತೆಗೆದುಕೊಂಡಿತು. ಆಗ ಇದರಲ್ಲಿದ್ದದ್ದು 173 ಗ್ರೇನ್ ತೂಕದ ಉದ್ದನೆಯ, ದುಂಡು ಮೂತಿಯ ಗುಂಡು. ಲಂಡನ್ನಿನ ರಿಗ್ಬಿ ಕಂಪನಿ ಇದೇ ತೋಟೆಗೆ .275 ರಿಗ್ಬಿ ಅಂತ ಹೆಸರಿಟ್ಟು ಬೇಟೆ ಕೋವಿ ಮಾಡಿತು. ಚಂಪಾವತದ ನರಭಕ್ಷಕ ಹುಲಿಯನ್ನು 1907ರಲ್ಲಿ ಕೊಂದದ್ದಕ್ಕೆ ಜಿಮ್ ಕಾರ್ಬೆಟ್ ಅವರಿಗೆ ಬಹುಮಾನವಾಗಿ ಬಂದದ್ದು ಅಂಥದೇ ಒಂದು ರಿಗ್ಬಿ. ಹೆಸರು ಎರಡಾದರೂ ತೋಟೆ ಒಂದೇ. ಒದೆ ಕಡಿಮೆ, ಗುರಿ ಚೊಕ್ಕ. ನೂರು ವರ್ಷ ಕಳೆದರೂ ಜನ ಇದನ್ನು ಬಿಡದಿರುವುದಕ್ಕೆ ಅದೇ ಕಾರಣ.

ಕೆಲಸಕ್ಕೆ ಕೂರುವ ಮುಂಚೆ ಎರಡು ವಿಷಯ ಖಚಿತ ಮಾಡಿಕೊಳ್ಳಿ. ನೀವಿರುವ ದೇಶದ ಕಾನೂನು ಮನೆಯಲ್ಲಿ ತೋಟೆ ತುಂಬಲು, ಮದ್ದು ಮತ್ತು ಕೇಪು ಇಟ್ಟುಕೊಳ್ಳಲು ಬಿಡುತ್ತದೆಯೇ? ಕೆಲವೆಡೆ ಬೇರೆಯೇ ಪರವಾನಗಿ ಬೇಕು, ಕೆಲವೆಡೆ ಪೂರ್ತಿ ನಿಷೇಧ. ಎರಡನೆಯದು, ಕೋವಿಯನ್ನು ಒಬ್ಬ ಒಳ್ಳೆ ಕೋವಿ ಮೇಸ್ತ್ರಿಗೆ ತೋರಿಸಿ. 1893, 1895ರ ಮೌಸರ್‌ಗಳಿಗೂ 98ಕ್ಕೂ ಹೆಸರು ಒಂದೇ, ಗಟ್ಟಿತನ ಬೇರೆ. 98ರಲ್ಲಿ ಬೋಲ್ಟಿನ (ತೋಟೆಯ ಹಿಂದೆ ಮುಚ್ಚಿಕೊಳ್ಳುವ ಅಗುಳಿ) ಹಿಂಭಾಗದಲ್ಲಿ ಮೂರನೆಯ ಸುರಕ್ಷತಾ ಹಲ್ಲು ಇದೆ. ಕೇಸು ಒಡೆದರೆ ಅನಿಲ ಹೊರಹೋಗಲು ಒಳ್ಳೆಯ ದಾರಿಯೂ ಇದೆ. ಹಳೆಯವುಗಳಲ್ಲಿ ಅಷ್ಟಿಲ್ಲ. ಅವುಗಳಿಗೆ ಒತ್ತಡ ಕಡಿಮೆ ಇರುವ ತೋಟೆಯೇ ಸರಿ.

ಇದೇ ಕಾರಣಕ್ಕೆ ಎರಡು ಕೈಪಿಡಿ ತೆರೆದರೆ ಎರಡು ಬೇರೆ ಅಂಕಿ ಕಾಣುತ್ತವೆ. ಕೋವಿ, ತೋಟೆಗಳಿಗೆ ಮಾನಕ ಇಡುವ ಯುರೋಪಿನ ಸಂಸ್ಥೆ ಸಿಐಪಿ ಈ ತೋಟೆಗೆ ಇಟ್ಟಿರುವ ಒತ್ತಡದ ಮಿತಿ 3900 ಬಾರ್. ಅಮೆರಿಕದ ಮಿತಿ 51,000 ಪಿಎಸ್ಐ, ಅಂದರೆ ಸುಮಾರು 3500 ಬಾರ್. ಅಲ್ಲಿ ಹಳೇ ಕೋವಿಗಳು ಇನ್ನೂ ಬಳಕೆಯಲ್ಲಿವೆ, ಅದಕ್ಕೇ ಕೈ ಬಿಗಿ. ಹೊಸಬರು "ಯಾವುದು ಸರಿ?" ಅಂತ ಕೇಳುತ್ತಾರೆ. ನಿಮ್ಮ ಕೋವಿಗೆ ಯಾವುದು ಕಡಿಮೆಯೋ ಅದು ಸರಿ. ಮದ್ದಿನ ತೂಕವನ್ನು ನಾನು ಇಲ್ಲಿ ಬರೆಯುವುದಿಲ್ಲ. ನಿಮ್ಮ ಹತ್ತಿರ ಇರುವ ಮದ್ದು, ಗುಂಡು, ಕೇಪು ಮೂರಕ್ಕೂ ಹೊಂದುವ ಅಂಕಿಯನ್ನು ಆ ಮದ್ದು ತಯಾರಿಸಿದವರ ಈಚಿನ ಕೈಪಿಡಿಯಿಂದಲೇ ತೆಗೆದುಕೊಳ್ಳಿ. ಗೆಳೆಯರ ಬಾಯಿಂದ ಕೇಳಿದ ಅಂಕಿ ಬೇಡ. ನನ್ನ ಬಾಯಿಂದಲೂ ಬೇಡ.

ಈಗ ಖಾಲಿ ಕೇಸು. ಕೆಲಸದ ಮುಕ್ಕಾಲು ಪಾಲು ಇದರಲ್ಲೇ ಇದೆ. ತೋಟೆಯ ನಾಲ್ಕು ಭಾಗಗಳಲ್ಲಿ ಗುಂಡು ಹಾರಿ ಹೋಗುತ್ತದೆ, ಮದ್ದು ಉರಿದು ಹೋಗುತ್ತದೆ, ಕೇಪು ಒಂದೇ ಸಲಕ್ಕೆ ಮುಗಿಯಿತು. ಹಿತ್ತಾಳೆ ಕೇಸು ಮಾತ್ರ ನಿಮ್ಮ ಕೈಗೆ ವಾಪಸ್ ಬರುತ್ತದೆ. ಬರುವಾಗ ಕೋವಿಯ ಒಳಗಿನ ಅಳತೆಯನ್ನು ಮೈಮೇಲೆ ಹೊತ್ತು ತರುತ್ತದೆ. ಅದನ್ನು ಓದಲು ಕಲಿಯಿರಿ.

ಕೇಪು ಎರಡು ಬಗೆ. ಬಾಕ್ಸರ್ ಕೇಸಿನ ಬುಡದೊಳಗೆ ನಡುವೆ ಒಂದೇ ತೂತು ಇರುತ್ತದೆ. ಬರ್ಡಾನ್‌ನಲ್ಲಿ ಎರಡು ಪುಟ್ಟ ತೂತು, ನಡುವೆ ಒಂದು ಮೊಳೆಯಂಥ ಉಬ್ಬು. ಹಳೆಯ ಸೈನ್ಯದ ಕೇಸುಗಳಲ್ಲಿ ಬರ್ಡಾನ್ ಜಾಸ್ತಿ. ಟಾರ್ಚ್ ಹಿಡಿದು ಕೇಸಿನೊಳಗೆ ನೋಡಿ, ಎರಡು ತೂತು ಕಂಡರೆ ಪಕ್ಕಕ್ಕಿಡಿ. ಡೈ ಅಂದರೆ ಸಿಡಿದು ಹಿಗ್ಗಿದ ಕೇಸನ್ನು ಒತ್ತಿ ಮತ್ತೆ ಅಳತೆಗೆ ತರುವ ಅಚ್ಚು; ಅದರ ಸೂಜಿ ಹಳೇ ಕೇಪನ್ನು ಹೊರಗೆ ತಳ್ಳುತ್ತದೆ. ಆ ಸೂಜಿ ಈ ಉಬ್ಬಿನ ಮೇಲೆ ಕೂತರೆ ಮುರಿಯುತ್ತದೆ. ನಾನು ಮೊದಲ ವಾರದಲ್ಲೇ ಎರಡು ಸೂಜಿ ಮುರಿದೆ.

ಕೇಸುಗಳನ್ನು ತಯಾರಕರ ಗುರುತಿನ ಪ್ರಕಾರ ಬೇರೆ ಮಾಡಿ. ಒಂದೊಂದು ಕಂಪನಿಯ ಹಿತ್ತಾಳೆಯ ದಪ್ಪ ಒಂದೊಂದು ಥರ. ಗೋಡೆ ದಪ್ಪ ಇದ್ದರೆ ಒಳಗೆ ಜಾಗ ಕಡಿಮೆ. ಜಾಗ ಕಡಿಮೆಯಾದರೆ ಅಷ್ಟೇ ಮದ್ದಿಗೆ ಒತ್ತಡ ಜಾಸ್ತಿ. ನಾನು ಇಪ್ಪತ್ತು ಇಪ್ಪತ್ತರ ಗುಂಪು ಮಾಡುತ್ತೇನೆ. ಪ್ರತಿ ಗುಂಪಿಗೂ ಒಂದು ಡಬ್ಬಿ, ಡಬ್ಬಿಯ ಮೇಲೆ ಎಷ್ಟು ಸಲ ತುಂಬಿದ್ದೇನೆ ಅನ್ನುವ ಗೀಟು.

ಆಮೇಲೆ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿ. ಗುಂಡನ್ನು ಹಿಡಿಯುವ ಕತ್ತಿನಲ್ಲಿ ಕೂದಲೆಳೆ ಬಿರುಕು ಇದ್ದರೆ ಎಸೆಯಿರಿ. ಕೇಪಿನ ಗುಳಿಯ ಸುತ್ತ ಮಸಿ ಸೋರಿದ್ದರೆ ಎಸೆಯಿರಿ. ಬುಡದಿಂದ ಸ್ವಲ್ಪ ಮೇಲೆ, ಗಟ್ಟಿ ಬುಡ ಮುಗಿದು ಗೋಡೆ ತೆಳುವಾಗುವ ಜಾಗದಲ್ಲಿ, ಮಿನುಗುವ ಉಂಗುರದಂಥ ಗೆರೆ ಕಂಡರೆ ನಿಲ್ಲಿ. ಅದರ ಕಥೆ ಹೇಳುತ್ತೇನೆ.

ನಾನು ಕಲಿಯುವಾಗ ಡೈ ಜೊತೆ ಬಂದ ಚೀಟಿಯಲ್ಲಿ ಹೀಗಿತ್ತು: ಡೈಯನ್ನು, ಕೇಸು ಕೂರುವ ಹಿಡಿಕೆಗೆ ಅದು ತಾಗುವವರೆಗೆ ತಿರುಗಿಸಿ, ಆಮೇಲೆ ಇನ್ನೂ ಸ್ವಲ್ಪ ತಿರುಗಿಸಿ. ಹಾಗೇ ಮಾಡಿದೆ. ತೋಟೆ ಕೋವಿಗೆ ಸಲೀಸಾಗಿ ಹೋಗುತ್ತಿತ್ತು, ಗುರಿಯೂ ಚೆನ್ನಾಗಿತ್ತು. ಐದನೇ ಸಲ ತುಂಬಿದ ಗುಂಪಿನಲ್ಲಿ ಒಂದು ಕೇಸು ಹೊರಬಂದಾಗ ಬುಡದ ಹತ್ತಿರ ಕರಿ ಮಸಿ, ಅರ್ಧ ಸುತ್ತು ಸೀಳಿತ್ತು. ಯಾರಿಗೂ ಏನೂ ಆಗಲಿಲ್ಲ. 98ರ ಆಕ್ಷನ್ ಅನಿಲವನ್ನು ತಡೆದುಕೊಂಡಿತು. ಆದರೆ ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಕಾರಣ ಇದು. ನನ್ನ ಕೋವಿಯ ಚೇಂಬರ್, ಅಂದರೆ ತೋಟೆ ಕೂರುವ ಗೂಡು, ಮಿತಿಯೊಳಗೇ ಇದ್ದರೂ ಸ್ವಲ್ಪ ಉದ್ದ. ಸಿಡಿದಾಗ ಕೇಸಿನ ಭುಜ, ಅಂದರೆ ಮೈ ಕಿರಿದಾಗಿ ಕತ್ತಿಗೆ ಸೇರುವ ಇಳಿಜಾರು, ಮುಂದೆ ಹೋಗಿ ಚೇಂಬರಿಗೆ ಒತ್ತುತ್ತದೆ. ನಾನು ಡೈಯಲ್ಲಿ ಅದನ್ನು ಪ್ರತಿ ಸಲವೂ ಬೇಕಾದ್ದಕ್ಕಿಂತ ಜಾಸ್ತಿ ಹಿಂದಕ್ಕೆ ತಳ್ಳುತ್ತಿದ್ದೆ. ಮತ್ತೆ ಸಿಡಿಸಿದಾಗ ಕೇಸಿನ ಮುಂಭಾಗ ಗೋಡೆಗೆ ಅಂಟಿಕೊಳ್ಳುತ್ತದೆ, ಬುಡ ಹಿಂದೆ ಸರಿಯುತ್ತದೆ. ನಡುವಿನ ಹಿತ್ತಾಳೆ ಎಳೆದ ಹಾಗೆ ತೆಳುವಾಗುತ್ತದೆ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿದರೆ ಮುರಿಯುತ್ತದಲ್ಲ, ಇದೂ ಹಾಗೇ. ಕೋವಿಯದೇನೂ ತಪ್ಪಿಲ್ಲ. ಕೋವಿಯ ಅಳತೆ ನೋಡದೆ ಡೈಯ ಅಳತೆಗೆ ಕೇಸು ಮಾಡಿದ್ದು ನನ್ನ ತಪ್ಪು.

ಹಾಗಾಗಿ ಈಗ ಮಾಡುವುದು ಹೀಗೆ. ಭುಜದ ಜಾಗ ಅಳೆಯುವ ಕಂಪ್ಯಾರೇಟರ್ ಅನ್ನುವ ಸಣ್ಣ ಉಪಕರಣ ಸಿಗುತ್ತದೆ, ಕ್ಯಾಲಿಪರ್‌ಗೆ ಕಚ್ಚಿಸುವುದು. ನನ್ನ ಕೋವಿಯಲ್ಲೇ ಸಿಡಿದ ಐದು ಕೇಸು ತೆಗೆದುಕೊಳ್ಳುತ್ತೇನೆ. ಕೇಪು ಉಬ್ಬಿದ್ದರೆ ಅಳತೆ ತಪ್ಪುತ್ತದೆ, ಅದಕ್ಕೆ ಮೊದಲು ಕೇಪು ತೆಗೆದು ಅಳೆಯುತ್ತೇನೆ. ಡೈಯನ್ನು ಹಿಡಿಕೆಗೆ ತಾಗದಷ್ಟು ಮೇಲಿಟ್ಟು ಶುರು ಮಾಡುತ್ತೇನೆ. ಒಂದು ಕೇಸು ಒತ್ತುವುದು, ಅಳೆಯುವುದು, ಡೈಯನ್ನು ಚೂರು ಇಳಿಸುವುದು, ಮತ್ತೆ ಒತ್ತುವುದು. ಭುಜ 0.05 ಮಿಲಿಮೀಟರ್‌ನಷ್ಟು ಹಿಂದೆ ಹೋದಾಗ ನಿಲ್ಲಿಸಿ ಬೀಗ ಉಂಗುರ ಬಿಗಿಯುತ್ತೇನೆ. ಒಂದು ಕೂದಲಿನ ದಪ್ಪದಷ್ಟು ಅಂದುಕೊಳ್ಳಿ. ಕಾಡಿನಲ್ಲಿ ಬೋಲ್ಟ್ ತಕರಾರಿಲ್ಲದೆ ಮುಚ್ಚಲು ಅಷ್ಟು ಸಾಕು, ಹಿತ್ತಾಳೆಗೂ ಎಳೆತ ಇಲ್ಲ. ಇದಾದ ಮೇಲೆ ಒಂದೊಂದು ಕೇಸು ಹತ್ತು ಹನ್ನೆರಡು ಸಲ ಬರುತ್ತಿದೆ.

ಒಳಗಿನ ಎಳೆತವನ್ನು ಹೊರಗಿನ ಗೆರೆ ಕಾಣುವ ಮುಂಚೆಯೇ ಹಿಡಿಯಬಹುದು. ಒಂದು ಪೇಪರ್ ಕ್ಲಿಪ್ಪನ್ನು ನೆಟ್ಟಗೆ ಮಾಡಿ, ತುದಿಯನ್ನು ಪುಟ್ಟ ಕೊಕ್ಕೆಯ ಹಾಗೆ ಬಗ್ಗಿಸಿ ಚೂಪು ಮಾಡಿ. ಕೇಸಿನೊಳಗೆ ಇಳಿಸಿ ಬುಡದಿಂದ ಮೇಲಕ್ಕೆ ಗೋಡೆಯನ್ನು ಸವರಿಕೊಂಡು ಬನ್ನಿ. ನುಣ್ಣಗಿದ್ದರೆ ಸರಿ. ಕೊಕ್ಕೆ ಒಂದು ತಗ್ಗಿಗೆ ಬಿದ್ದ ಹಾಗೆ ಅನ್ನಿಸಿದರೆ ಆ ಕೇಸಿನ ಆಯಸ್ಸು ಮುಗಿಯಿತು. ಮೂರು ಸಲ ತುಂಬಿದ ಮೇಲೆ ನಾನು ಪ್ರತಿ ಕೇಸನ್ನೂ ಹೀಗೆ ನೋಡುತ್ತೇನೆ. ಬೇರೆಯವರ ಕೋವಿಯಲ್ಲಿ ಸಿಡಿದ ಕೇಸನ್ನು ಈಗ ತೆಗೆದುಕೊಳ್ಳುವುದೇ ಇಲ್ಲ. ಅದು ಎಷ್ಟು ಎಳೆದಾಡಿಸಿಕೊಂಡಿದೆಯೋ ಹೇಗೆ ತಿಳಿಯುವುದು?

ಡೈಗೆ ಹಾಕುವ ಮುಂಚೆ ಕೇಸಿಗೆ ಕೇಸು ಮೇಣ ಸವರಬೇಕು. ಕಡಿಮೆಯಾದರೆ ಕೇಸು ಡೈಯೊಳಗೆ ಸಿಕ್ಕಿಬಿದ್ದು ಅರ್ಧ ದಿನ ಹಾಳು. ಜಾಸ್ತಿಯಾದರೆ ಭುಜದಲ್ಲಿ ಮೇಣ ಸೇರಿ ಹಿತ್ತಾಳೆ ಒಳಕ್ಕೆ ತಗ್ಗುತ್ತದೆ. ಬೆರಳ ತುದಿಯಲ್ಲಿ ತೆಳ್ಳಗೆ ಸವರಿ, ಭುಜ ಬಿಟ್ಟು ಮೈಗೆ ಮಾತ್ರ. ಕತ್ತಿನ ಒಳಗೆ ಒಣ ಬ್ರಷ್ ಒಮ್ಮೆ ಆಡಿಸಿ. ಎಲ್ಲ ಮುಗಿದ ಮೇಲೆ ಮೇಣವನ್ನು ಪೂರ್ತಿ ಒರೆಸಬೇಕು. ಜಿಡ್ಡು ಉಳಿದ ಕೇಸು ಸಿಡಿದಾಗ ಚೇಂಬರಿನ ಗೋಡೆಗೆ ಹಿಡಿದುಕೊಳ್ಳುವುದಿಲ್ಲ, ಪೆಟ್ಟೆಲ್ಲ ಬೋಲ್ಟಿಗೆ ಬೀಳುತ್ತದೆ.

ಈಗ ಉದ್ದ ಅಳೆಯಿರಿ. ಹೆಸರೇ ಹೇಳುವ ಹಾಗೆ ಕೇಸಿನ ಉದ್ದ 57 ಮಿಲಿಮೀಟರ್. ಅದು ಮೇಲಿನ ಮಿತಿ. ಕೈಪಿಡಿಯಲ್ಲಿ ಕತ್ತರಿಸಬೇಕಾದ ಉದ್ದವನ್ನು ಸ್ವಲ್ಪ ಕಡಿಮೆ ಕೊಟ್ಟಿರುತ್ತಾರೆ, ಅದಕ್ಕೇ ಕತ್ತರಿಸಿ. ಕತ್ತು ಉದ್ದವಾಗಿಬಿಟ್ಟರೆ ಚೇಂಬರಿನ ತುದಿಗೆ ಸಿಕ್ಕಿ ಗುಂಡನ್ನು ಬಿಗಿ ಹಿಡಿಯುತ್ತದೆ, ಒತ್ತಡ ಸರ್ರನೆ ಏರುತ್ತದೆ. ಕತ್ತರಿಸಿದ ಬಾಯಿಯ ಒಳಗೂ ಹೊರಗೂ ಚೂಪನ್ನು ಸವರಿ ತೆಗೆಯಿರಿ. ಕೇಪಿನ ಗುಳಿಯನ್ನು ಕೆರೆದು ಶುಚಿ ಮಾಡಿ. ಇದರಲ್ಲಿ ಹೇಳುವಂಥದ್ದು ಬೇರೇನಿಲ್ಲ.

ಕೇಪು ಹಾಕುವಾಗ ಕನ್ನಡಕ ಬೇಕೇ ಬೇಕು. 7×57ಕ್ಕೆ ದೊಡ್ಡ ರೈಫಲ್ ಕೇಪು. ಕೈಯಲ್ಲಿ ಹಿಡಿದು ಒತ್ತುವ ಉಪಕರಣ ನನಗಿಷ್ಟ, ಕೇಪು ಗುಳಿಯ ತಳಕ್ಕೆ ತಾಗಿದ್ದು ಬೆರಳಿಗೆ ತಿಳಿಯುತ್ತದೆ. ಕೂತ ಮೇಲೆ ಬುಡದ ಮೇಲೆ ಹೆಬ್ಬೆರಳು ಸವರಿ. ಕೇಪು ಬುಡದ ಮಟ್ಟಕ್ಕಿಂತ ಚೂರು ಒಳಗಿರಬೇಕು. ಮೇಲೆದ್ದಿದ್ದರೆ ಬೋಲ್ಟ್ ಮುಚ್ಚುವಾಗಲೇ ಅಪಾಯ. ಸಡಿಲವಾಗಿ ಜಾರಿ ಹೋದರೆ ಆ ಕೇಸಿನ ಗುಳಿ ಅಗಲವಾಗಿದೆ, ಅದನ್ನು ಬಿಟ್ಟುಬಿಡಿ. ಕೇಪುಗಳನ್ನು ಅವು ಬಂದ ಪೆಟ್ಟಿಗೆಯಲ್ಲೇ ಇಡಿ. ಗಾಜಿನ ಸೀಸೆಗೆ ಒಟ್ಟಿಗೆ ಸುರಿದಿಟ್ಟರೆ ಒಂದು ಸಿಡಿದಾಗ ಎಲ್ಲವೂ ಸಿಡಿಯುತ್ತವೆ.

ಮದ್ದು ತುಂಬುವ ಹೊತ್ತಿಗೆ ನನ್ನ ಮೇಜಿನ ಮೇಲೆ ಒಂದೇ ಮದ್ದಿನ ಡಬ್ಬಿ ಇರುತ್ತದೆ. ಎರಡನೆಯದು ಬೀರುವಿನಲ್ಲಿ, ಬೀಗದ ಒಳಗೆ. ಫೋನು ಬೇರೆ ಕೋಣೆಯಲ್ಲಿ. ಮಾತಾಡಿಸುವವರು ಬಂದರೆ ಕೆಲಸ ನಿಲ್ಲಿಸುತ್ತೇನೆ. ಒಮ್ಮೆ ಮದ್ದು ಅಳೆಯುವ ಯಂತ್ರದ ಬುಟ್ಟಿಯಲ್ಲಿ ಮದ್ದು ಉಳಿಸಿ ಎದ್ದು ಹೋಗಿದ್ದೆ. ಎರಡು ವಾರ ಬಿಟ್ಟು ನೋಡಿದಾಗ ಅದು ಯಾವ ಮದ್ದು ಅಂತ ನೆನಪಿಲ್ಲ. ಬಣ್ಣ, ಆಕಾರ ನೋಡಿ ಗುರುತಿಸಲು ಆಗುವುದಿಲ್ಲ, ಎರಡು ಬೇರೆ ಮದ್ದು ಒಂದೇ ಥರ ಕಾಣುತ್ತವೆ. ಎಲ್ಲವನ್ನೂ ಚೆಲ್ಲಿದೆ. ಈಗ ಮದ್ದು ಸುರಿದ ಕೂಡಲೇ ಅದರ ಹೆಸರಿನ ಚೀಟಿಯನ್ನು ಬುಟ್ಟಿಗೆ ಅಂಟಿಸುತ್ತೇನೆ, ಎದ್ದು ಹೋಗುವ ಮುಂಚೆ ಮದ್ದನ್ನು ಡಬ್ಬಿಗೆ ವಾಪಸ್ ಸುರಿಯುತ್ತೇನೆ.

ತಕ್ಕಡಿ ಸರಿ ಇದೆಯೇ ಅಂತ ಪ್ರತಿ ಸಲ ತೂಕ ಗೊತ್ತಿರುವ ಬಟ್ಟು ಇಟ್ಟು ನೋಡಿ. ಗ್ರೇನ್ ಅನ್ನುವುದು ತೀರಾ ಚಿಕ್ಕ ತೂಕ, ಒಂದು ಗ್ರಾಮಿಗೆ ಹದಿನೈದೂವರೆಗೆ ಹತ್ತಿರ. ಎಲೆಕ್ಟ್ರಾನಿಕ್ ತಕ್ಕಡಿ ಗಾಳಿಗೆ, ಫ್ಯಾನಿಗೆ, ಬಿಸಿಗೆ ಅಲುಗುತ್ತದೆ. ಫ್ಯಾನ್ ಆರಿಸಿ, ಹದಿನೈದು ನಿಮಿಷ ಮೊದಲೇ ಆನ್ ಮಾಡಿಡಿ.

ಶುರು ಮಾಡುವುದು ಕೈಪಿಡಿಯ ಕನಿಷ್ಠ ತೂಕದಿಂದ. ಅಲ್ಲಿಂದ ಅರ್ಧ ಅರ್ಧ ಗ್ರೇನ್ ಏರಿಸಿ, ಒಂದೊಂದು ಹಂತಕ್ಕೆ ಮೂರು ತೋಟೆ. ಗುಂಡು ಬದಲಾದರೆ, ಕೇಪಿನ ಕಂಪನಿ ಬದಲಾದರೆ, ಮದ್ದಿನ ಡಬ್ಬಿಯ ಲಾಟ್ ಬದಲಾದರೂ ಮತ್ತೆ ಕೆಳಗಿನಿಂದ. ಕನಿಷ್ಠಕ್ಕಿಂತ ಕೆಳಗೆ ಇಳಿಸುವುದೂ ತಪ್ಪು. ನಿಧಾನವಾಗಿ ಉರಿಯುವ ಮದ್ದನ್ನು ತೀರಾ ಕಡಿಮೆ ಹಾಕಿದರೆ ಅದು ಹೇಗೆ ಹೊತ್ತುತ್ತದೆ ಅಂತ ಹೇಳಲಾಗದು.

ಕೇಸುಗಳನ್ನು ಮರದ ಹಲಗೆಯ ತೂತುಗಳಲ್ಲಿ ನಿಲ್ಲಿಸಿ ಮದ್ದು ಹಾಕಿ. ಎಲ್ಲ ಮುಗಿದ ಮೇಲೆ ಟಾರ್ಚ್ ಹಿಡಿದು ಒಂದೊಂದರ ಬಾಯಿಯೊಳಗೆ ನೋಡಿ. ಮಟ್ಟ ಎಲ್ಲದರಲ್ಲೂ ಒಂದೇ ಇರಬೇಕು. ಮದ್ದಿಲ್ಲದ ಕೇಸು ಎರಡು ಸಲ ಹಾಕಿದ ಕೇಸಿನಷ್ಟೇ ಕೆಟ್ಟದ್ದು. ಕೇಪಿನ ಬಲಕ್ಕೇ ಗುಂಡು ನಳಿಗೆಯ ನಡುವೆ ಹೋಗಿ ಕೂರುತ್ತದೆ. ಅದರ ಹಿಂದೆ ಇನ್ನೊಂದು ಸಿಡಿಸಿದರೆ ನಳಿಗೆ ಒಡೆಯುತ್ತದೆ. ಸಿಡಿದಾಗ ಸದ್ದು ಸಣ್ಣದಾಗಿ ಕೇಳಿದರೆ, ಒದೆ ಇಲ್ಲದಿದ್ದರೆ, ಕೋವಿಯನ್ನು ಗುರಿಯ ಕಡೆಗೇ ಹಿಡಿದು ಅರ್ಧ ನಿಮಿಷ ಕಾಯಿರಿ. ಆಮೇಲೆ ಬೋಲ್ಟ್ ತೆಗೆದು ನಳಿಗೆಯೊಳಗೆ ಬೆಳಕು ಕಾಣುತ್ತದೆಯೇ ನೋಡಿ.

ಗುಂಡು ಕೂರಿಸುವಾಗ ಹಳೇ ಕೋವಿಯ ಇನ್ನೊಂದು ಗುಣ ಗೊತ್ತಿರಬೇಕು. ಚೇಂಬರಿನ ಮುಂದೆ, ಗುಂಡನ್ನು ತಿರುಗಿಸುವ ನಳಿಗೆಯ ಗೆರೆಗಳು ಶುರುವಾಗುವ ತನಕ ಒಂದು ಬಯಲು ಜಾಗ ಇರುತ್ತದೆ. ನಾವು ಗಂಟಲು ಅನ್ನುತ್ತೇವೆ. ಹಳೇ 7×57ಗಳಲ್ಲಿ ಅದು ಉದ್ದ, ಯಾಕೆಂದರೆ ಅದನ್ನು ಕೊರೆದದ್ದು ಆ 173 ಗ್ರೇನ್‌ನ ಉದ್ದ ಗುಂಡಿಗೆ. ಇವತ್ತಿನ 140 ಗ್ರೇನ್ ಚೂಪು ಗುಂಡು ಹಾಕಿ, ಅದನ್ನು ಗೆರೆಗಳ ಹತ್ತಿರ ತರಬೇಕು ಅಂತ ಹೊರಕ್ಕೆ ಎಳೆದು ಕೂರಿಸುವವರು ಇದ್ದಾರೆ. ಬೇಡ. ಕತ್ತಿನೊಳಗೆ ಗುಂಡಿನ ಅಗಲದಷ್ಟಾದರೂ, ಅಂದರೆ ಸುಮಾರು 7 ಮಿಲಿಮೀಟರ್, ಹಿಡಿತ ಇರಬೇಕು. ಒಟ್ಟು ಉದ್ದ ಕೈಪಿಡಿ ಹೇಳಿದಷ್ಟು, ಮ್ಯಾಗಜೀನಿಗೆ ಕೂರುವಷ್ಟು. ನನ್ನ ಕೋವಿಗೆ 160 ಗ್ರೇನ್ ಆಸುಪಾಸಿನ ಗುಂಡು 140ಕ್ಕಿಂತ ಚೆನ್ನಾಗಿ ಕೂಡಿತು. ನೂರು ಮೀಟರಿನಲ್ಲಿ ಮೂರು ಗುಂಡಿನ ಗುಂಪು ಹೆಬ್ಬೆಟ್ಟು ಮುಚ್ಚುವಷ್ಟು. ನಿಮ್ಮ ಕೋವಿ ಬೇರೆ ಹೇಳಬಹುದು, ಅದರ ಮಾತು ಕೇಳಿ.

ತುಂಬಿದ ತೋಟೆಯ ಗುಂಡನ್ನು ಮೇಜಿನ ಅಂಚಿಗೆ ಹೆಬ್ಬೆರಳಿನಿಂದ ಒತ್ತಿ ನೋಡಿ. ಒಳಗೆ ಜಾರಿದರೆ ಕತ್ತಿನ ಹಿಡಿತ ಸಾಲದು. ಹಿಡಿತ ಸರಿ ಇದ್ದರೆ ಈ ಒದೆಗೆ ಕೇಸಿನ ಬಾಯಿಯನ್ನು ಗುಂಡಿನ ಮೇಲೆ ಒತ್ತಿ ಮಡಚುವ ಅಗತ್ಯ ನನಗೆ ಬಂದಿಲ್ಲ.

ಮೈದಾನದಲ್ಲಿ ಗುರಿಗಿಂತ ಮೊದಲು ಕೇಸು ನೋಡಿ. ಬೋಲ್ಟ್ ಎತ್ತುವುದು ಭಾರವಾಯಿತೇ? ಬುಡದ ಮೇಲೆ ಹೊಳೆಯುವ ಒತ್ತು ಗುರುತು ಬಿದ್ದಿದೆಯೇ? ಕೇಪಿನ ಅಂಚು ಚಪ್ಪಟೆಯಾಗಿ ಗುಳಿಯನ್ನೆಲ್ಲ ತುಂಬಿದೆಯೇ? ಇವುಗಳಲ್ಲಿ ಒಂದು ಕಂಡರೂ ಅವತ್ತಿಗೆ ಸಾಕು, ಉಳಿದ ಮೇಲಿನ ಹಂತಗಳ ತೋಟೆಗಳನ್ನು ಮನೆಗೆ ತಂದು ಬಿಚ್ಚಿ. ಆದರೆ ಗುರುತು ಇಲ್ಲ ಅಂದ ಮಾತ್ರಕ್ಕೆ ಒತ್ತಡ ಕಡಿಮೆ ಅಂತಲ್ಲ. ಈ ಗುರುತುಗಳು ಕಾಣುವ ಹೊತ್ತಿಗೆ ಒಂದು ಹಳೇ ಕೋವಿ ತನ್ನ ಮಿತಿ ದಾಟಿರುತ್ತದೆ. ಅದಕ್ಕೇ ಕೈಪಿಡಿಯ ಗರಿಷ್ಠ ಅಂಕಿಯನ್ನು ನಾನು ಮುಟ್ಟುವುದಿಲ್ಲ. ಇನ್ನೊಂದು, ತೋಟೆಯನ್ನು ಬಿಸಿಲಿಗೆ ಬಿಡಬೇಡಿ. ಬಿಸಿಯಾದ ಮದ್ದು ಒತ್ತಡವನ್ನು ಏರಿಸುತ್ತದೆ. ಚಳಿಯಲ್ಲಿ ಪರೀಕ್ಷೆ ಮಾಡಿದ ತೋಟೆಯನ್ನು ಬೇಸಿಗೆಯಲ್ಲಿ ಮತ್ತೆ ಪರೀಕ್ಷಿಸಿ.

ಕೆಲಸ ಮುಗಿದ ಮೇಲೆ ಕೈಯನ್ನು ಸೋಪು ಹಾಕಿ ತೊಳೆಯಿರಿ. ಕೇಪಿನ ಮಸಿಯಲ್ಲಿ ಸೀಸ ಇರುತ್ತದೆ, ಅದು ಬಾಯಿಗೆ ಹೋಗಬಾರದು. ಮೇಜಿನ ಮೇಲೆ ಊಟ, ಚಹಾ ಬೇಡ. ಮಕ್ಕಳ ಕೈಗೆ ಯಾವುದೂ ಸಿಗಬಾರದು.

ಪ್ರತಿ ಡಬ್ಬಿಯ ಮೇಲೂ ಚೀಟಿ: ತಾರೀಕು, ಕೇಸಿನ ಗುರುತು, ಎಷ್ಟನೇ ಸಲ, ಕೇಪು, ಮದ್ದಿನ ಹೆಸರು ಮತ್ತು ತೂಕ, ಗುಂಡು, ಒಟ್ಟು ಉದ್ದ, ಯಾವ ಕೋವಿಗೆ. ಕೊನೆಯದನ್ನು ದೊಡ್ಡದಾಗಿ ಬರೆಯುತ್ತೇನೆ. ನನ್ನ ತೋಟೆಯನ್ನು ಗೆಳೆಯರ 7×57ಕ್ಕೂ ಕೊಡುವುದಿಲ್ಲ, ಅವರು ಬೇಸರ ಮಾಡಿಕೊಂಡರೂ ಸರಿ. ಕೊಕ್ಕೆಗೆ ತಗ್ಗು ಸಿಕ್ಕ ಕೇಸುಗಳ ಕತ್ತನ್ನು ಅಲ್ಲೇ ಇಕ್ಕಳದಿಂದ ಚಪ್ಪಟೆ ಮಾಡಿಬಿಡುತ್ತೇನೆ. ಸುಮ್ನೆ ಪಕ್ಕಕ್ಕಿಟ್ಟರೆ ಒಂದು ದಿನ ಒಳ್ಳೆಯವುಗಳ ಜೊತೆ ಸೇರಿಕೊಂಡು ಬಿಡುತ್ತವೆ.